ಕಿರುಬೆರಳಿನ ಕೆಳಗಿನ ಚುಕ್ಕೆಗಳು

ನಾನು ಮಾಡುತ್ತಿದ್ದ ಕೆಲಸ ಏನೆಂದು ನನ್ನ ಬಂಧುಗಳಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಮೈಸೂರಿಗೆ ಹೋದಾಗಲೆಲ್ಲ ನಮ್ಮ ಚಿಕ್ಕಮ್ಮ, "ಕೈ ನೀವೋದಕ್ಕೂ ಲಂಡನ್ನಲ್ಲಿ ಸಂಬಳ ಕೊಡ್ತಾರೇನೇ?" ಎಂದು ಕೇಳುತ್ತಿದ್ದರು. ಕೊಡುತ್ತಾರೆ ಎನ್ನುತ್ತಿದ್ದೆ. ಕೈ ಮುರಿದವರು, ಕೈ ಕೊಯ್ದುಕೊಂಡವರು, ನರ ತುಂಡಾದವರು ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ನಮ್ಮ ಬಳಿಗೆ ಬರುತ್ತಿದ್ದರು. ಹೊಲಿಯುವುದು ಸರ್ಜನ್ನರ ಕೆಲಸ. ಹೊಲಿದ ಕೈ ಮತ್ತೆ ಬೀಗ ತೆಗೆಯುವಂತೆ, ಗುಂಡಿ ಹಾಕುವಂತೆ ಮಾಡುವುದು ನಮ್ಮದು. ಪಶ್ಚಿಮ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯ ನೆಲಮಹಡಿಯಲ್ಲಿ ಈ ಕೆಲಸ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಕೆಲವರು ಫೋನ್ ಮಾಡುತ್ತಾರೆ. ಯಾವ ಪರೀಕ್ಷೆ ಕಟ್ಟಬೇಕು, ಯಾವ ಆಸ್ಪತ್ರೆ ಒಳ್ಳೆಯದು ಎಂದು ಕೇಳುತ್ತಾರೆ. ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬಹುದಾದದ್ದು ಬೇರೆ ಇದೆ. ಫೋನಿನಲ್ಲಿ ಹೇಳಲು ಹೋದರೆ ನಡುವೆಯೇ ಮಾತು ಬದಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡೊರೀನ್ ವಿಷಯ. ನಾನು ಸೇರಿದಾಗ ವಿಭಾಗದ ಮುಖ್ಯಸ್ಥೆ ಆಕೆ. ಐರ್ಲೆಂಡಿನವಳು, ಅಗಲ ಭುಜದ ಹೆಂಗಸು, ನಗುವುದು ಕಡಿಮೆ. ಮೊದಲ ದಿನ ನಾನು ಒಬ್ಬ ರೋಗಿಯ ಬೆರಳನ್ನು ಮಡಿಸಿ, ಬಿಡಿಸಿ, ಕೋನ ಅಳೆಯುತ್ತ ಕುಳಿತಿದ್ದೆ. ಅವಳು ಹಿಂದೆ ಬಂದು ನಿಂತಳು.

"ಈ ಮನುಷ್ಯ ಮನೆಯಲ್ಲಿ ಏನು ಬೀಳಿಸುತ್ತಾನೆ?" ಎಂದಳು.

"ಗೊತ್ತಿಲ್ಲ."

"ಹಾಗಾದರೆ ಏನನ್ನು ಅಳೆಯುತ್ತಿದ್ದೀಯ?"

ಆಮೇಲೆ ಅವಳೇ ರೋಗಿಯ ಕಡೆ ತಿರುಗಿ, "ಮುಂದಿನ ಸಲ ಬರುವಾಗ, ಕೈಯಲ್ಲಿ ನಿಲ್ಲದ ವಸ್ತು ಯಾವುದಿದೆಯೋ ಅದನ್ನು ತನ್ನಿ" ಎಂದಳು. ಅವನು ತಂದದ್ದು ಟೀ ಪಾಟು. ಅದನ್ನು ಎತ್ತಿ ಟೀ ಬಗ್ಗಿಸುವುದನ್ನು ನೋಡಿದ ಮೇಲೆ ತೊಂದರೆ ಬೆರಳಿನಲ್ಲಿಲ್ಲ, ಮಣಿಕಟ್ಟಿನಲ್ಲಿದೆ ಎಂದು ನನಗೆ ತಿಳಿಯಿತು. ಅಂದಿನಿಂದ ಆ ಮಾತು ನನ್ನ ಬಾಯಲ್ಲೂ ನಿಂತುಹೋಯಿತು. ಜನ ಲಟ್ಟಣಿಗೆ ತಂದರು, ಬೀಗದ ಕೈ ತಂದರು, ಕ್ಷೌರದ ಬ್ರಷ್ಷು ತಂದರು. ಒಬ್ಬ ಅಜ್ಜಿ ಮೊಮ್ಮಗುವಿನ ಹಾಲಿನ ಬಾಟಲಿ ತಂದು, ಮೇಜಿನ ಮೇಲಿಟ್ಟು ಅತ್ತಳು. ನಮ್ಮ ಮೇಜು ಒಮ್ಮೊಮ್ಮೆ ನಮ್ಮ ದೇಶದವರೇ ತುಂಬಿರುವ ಸೌತ್‌ಹಾಲಿನ ಪಾತ್ರೆ ಅಂಗಡಿಯ ಹಾಗೆ ಕಾಣುತ್ತಿತ್ತು.

ನಾನು ಕೆಲಸ ಕೆಡಿಸಿದ್ದೂ ಉಂಟು. ರೇನರ್ಸ್ ಲೇನಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಕುಂದಾಪುರದ ಮಂಜುನಾಥ ಎಂಬವರು ಬೆರಳಿನ ಸ್ನಾಯು ಕೊಯ್ದುಕೊಂಡು ಬಂದಿದ್ದರು. ಅವರು ತಂದದ್ದು ದೋಸೆ ಮಗುಚುವ ಸಟ್ಟುಗ. ಹಿಡಿ ತೆಳ್ಳಗಿದೆ, ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದಂತೆ ಅದಕ್ಕೆ ಮೆತ್ತನೆಯ ಸ್ಪಂಜಿನ ಕೊಳವೆ ಸುತ್ತಿ ಕಳಿಸಿದೆ. ಮುಂದಿನ ವಾರ ಅವರು ಕರಿ ಮುದ್ದೆಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಎದುರಿಗಿಟ್ಟರು.

"ಅಮ್ಮಾ, ನೀವ್ ಕಾವ್ಲಿ ಹತ್ರ ನಿಂತ್ಕಂಡ್ ಕಂಡಿದ್ದಿಲ್ಲೆ ಅಲ್ದಾ? ಒಂದ್ ಬದಿ ಕರ್ಗಿತ್. ಮತ್ತೊಂದ್ ಬದಿ ಎಣ್ಣಿ ಕುಡ್ದ್ ಜಾರತ್ತ್. ಮಸಾಲೆ ದೋಸಿ ತಿಂದವ್ರೆಲ್ಲ ಹೊಸ ಮಸಾಲೆ ಎಂತದ್ ಅಂದ್ ಕೇಂತಿದ್ರ್."

ಆ ದಿನ ನಾವಿಬ್ಬರೂ ಬಹಳ ನಕ್ಕೆವು. ಎಣ್ಣೆಕೈಗೆ ದಪ್ಪ ಹಿಡಿ ಬೇಕಿಲ್ಲ, ಒರಟು ಹಿಡಿ ಬೇಕು ಎಂದು ನನಗೆ ಹೊಳೆದದ್ದು ಆಗ. ಕೈಗೆ ಆಸರೆ ಕಟ್ಟಲು ನಾವು ಬಳಸುವ ಪ್ಲಾಸ್ಟಿಕ್ ಹಾಳೆ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ನಾನು ಸೇರಿದ ಕಾಲದಲ್ಲಿ ಸುಣ್ಣದ ಪಟ್ಟಿ ಕಟ್ಟುತ್ತಿದ್ದರು. ಈ ಹಾಳೆ ಬಂದ ಮೇಲೆ ಕೆಲಸ ಹಗುರಾಯಿತು. ಬಿಸಿ ತಾಗದ ವಸ್ತುಗಳಿಗೆ ಈ ಹಾಳೆಯಲ್ಲೇ ಹಿಡಿ ಮಾಡಿ, ಮೆತ್ತಗಿರುವಾಗ ಫೋರ್ಕಿನ ತುದಿಯಿಂದ ಒತ್ತಿ ಒತ್ತಿ ಚುಕ್ಕೆ ಮೂಡಿಸತೊಡಗಿದೆ. ಹಿಡಿಯೇ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಬೆಸುಗೆ ಹಾಕುವ ಕಾದ ಕಡ್ಡಿ ಬೇಕಾಗುತ್ತಿತ್ತು. ಎದ್ದು ನಿಂತ ಅಂಚನ್ನು ಮರಳುಕಾಗದದಿಂದ ಉಜ್ಜಿ ಮೃದು ಮಾಡಲೇಬೇಕು, ಏಕೆಂದರೆ ಸ್ಪರ್ಶ ಸತ್ತ ಚರ್ಮಕ್ಕೆ ಕೊಯ್ದದ್ದೂ ತಿಳಿಯುವುದಿಲ್ಲ. ಡೊರೀನ್ ಇದನ್ನು ನೋಡಿ, "ಕೊಳಕಾಗಿದೆ, ಆದರೆ ಜಾರುವುದಿಲ್ಲ" ಎಂದಳು. ಅವಳಿಂದ ಬಂದ ಹೊಗಳಿಕೆ ಅದೊಂದೇ. ಅವಳು ನಿವೃತ್ತಳಾಗಿ ಹೋದ ಮೇಲೂ ನಾನು ಚುಕ್ಕೆ ಹಾಕುತ್ತಲೇ ಇದ್ದೆ.

ಈರಣ್ಣ ಅಂಗಡಿಯವರು ನನ್ನ ಬಳಿ ಬಂದದ್ದು ನಾನು ನಿವೃತ್ತಳಾಗುವ ಹಿಂದಿನ ವರ್ಷ. ಧಾರವಾಡದ ಕಡೆಯವರು, ಅಂಗಡಿ ಎಂಬುದು ಮನೆತನದ ಹೆಸರು. ಹೀಥ್ರೂ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಮೇಲ್ವಿಚಾರಕರು, ಮನೆ ಹೌನ್ಸ್ಲೋದಲ್ಲಿ. ಒಡೆದ ಗಾಜಿನ ಪೆಟ್ಟಿಗೆಯೊಂದು ಬಲಗೈಯ ಮಣಿಕಟ್ಟನ್ನು ಸೀಳಿತ್ತು. ಸ್ನಾಯುಗಳನ್ನೂ ನಡುವಿನ ನರವನ್ನೂ ಸರ್ಜನ್ ಹೊಲಿದಿದ್ದರು. ಬೆರಳುಗಳು ಮಡಚುತ್ತಿದ್ದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶವಿರಲಿಲ್ಲ. ಕಿರುಬೆರಳಿಗೆ ಬೇರೆ ನರ ಹೋಗುತ್ತದೆ. ಅದೊಂದು ಚೆನ್ನಾಗಿತ್ತು.

ಸ್ಪರ್ಶವಿಲ್ಲದ ಕೈ ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಹಿಡಿದುಕೊಂಡಿದ್ದೇನೆ ಅಂದುಕೊಂಡಿರುವಾಗ ಬೀಳಿಸುತ್ತದೆ. ಬಿಟ್ಟೆ ಅಂದುಕೊಂಡಿರುವಾಗ ಹಿಡಿದೇ ಇರುತ್ತದೆ. ಎರಡನೆಯದು ಕಡಿಮೆ, ಆದರೆ ಗಾಬರಿಯಾದಾಗ ಹೀಗಾಗುವುದನ್ನು ನಾನು ನೋಡಿದ್ದೆ. ಅದಕ್ಕೇ ಇಂಥವರಿಗೆ ನಾವು ಕಲಿಸುವ ಮೊದಲ ಪಾಠ: ಕೈಯನ್ನು ಕಣ್ಣಿನಿಂದ ನೋಡಿ ಹಿಡಿಯಿರಿ, ನೋಡಿ ಬಿಡಿ. ನೋಡಲಾಗದಿದ್ದರೆ ಕಿರುಬೆರಳನ್ನು ಮೊದಲು ತೆರೆಯಿರಿ. ಅದಕ್ಕೆ ಬುದ್ಧಿಯಿದೆ, ಉಳಿದವು ಅದರ ಹಿಂದೆ ಬರುತ್ತವೆ. ಅಂಗಡಿಯವರೊಡನೆ ನಾನು ಮಾತಾಡುತ್ತಿದ್ದದ್ದೆಲ್ಲ ಕನ್ನಡದಲ್ಲೇ. "ಕಿರುಬೆರಳು ಬಿಡಿ" ಎಂದು ಎಷ್ಟು ಸಲ ಹೇಳಿದ್ದೆನೋ.

"ಅಕ್ಕಾರ, ನಮ್ಮ ಮನ್ಯಾಗ ಎಲ್ಲಾರಕಿಂತ ಸಣ್ಣಾವ ನಾನ ಇದ್ದೆ, ನನ್ನ ಮಾತು ಯಾರೂ ಕೇಳತಿದ್ದಿಲ್ಲ" ಎಂದು ಅವರು ನಗುತ್ತಿದ್ದರು. "ಈಗ ನೋಡ್ರಿ, ಈ ಸಣ್ಣಂವಗ ಕಾಲ ಬಂತು."

ಕೈಯಲ್ಲಿ ನಿಲ್ಲದ ವಸ್ತುವನ್ನು ತನ್ನಿ ಎಂದು ಅವರಿಗೂ ಹೇಳಿದೆ. ಮೊದಲು ಚಮಚ ತಂದರು, ಆಮೇಲೆ ಸ್ಕ್ರೂಡ್ರೈವರ್ ತಂದರು. ಸ್ಕ್ರೂಡ್ರೈವರಿನ ಹಿಡಿಗೆ ನಾನು ಚುಕ್ಕೆ ಹಾಕುವುದನ್ನು ಪಕ್ಕದಲ್ಲಿ ಕುಳಿತು ಗಮನವಿಟ್ಟು ನೋಡಿದರು. ಬೆರಳಿಗೆ ಸ್ಪರ್ಶವಿಲ್ಲದ ಕಡೆ ಚುಕ್ಕೆ ಜಾರದಂತೆ ತಡೆಯುತ್ತದೆ ಅಷ್ಟೇ, ಸ್ಪರ್ಶ ಉಳಿದಿರುವ ಕಡೆ ಹಾಕಿದರೆ ಕೈಗೆ ಸುದ್ದಿ ಮುಟ್ಟುತ್ತದೆ ಎಂದು ಹೇಳಿದೆ. ಅದಕ್ಕೇ ಕಿರುಬೆರಳ ಕೆಳಗೆ ದೊಡ್ಡ ಚುಕ್ಕೆ.

ಒಂದು ಮಂಗಳವಾರ ಬೆಳಿಗ್ಗೆ ಅವರು ಚೀಲದಿಂದ ಬೀಗ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದರು. ಬೀಗ ತೆಗೆದು ಮುಚ್ಚಳ ಎತ್ತಿದರು. ಒಳಗೆ ಕರಿಯ ಪಿಸ್ತೂಲಿತ್ತು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ.

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ಇದು ಆಟದ್ದು. ಕಡಲಿಕಾಳಿನಷ್ಟು ಪ್ಲಾಸ್ಟಿಕ್ ಗುಂಡು ಹಾರಿಸೂದು. ಗ್ಯಾಸ್ ತಗದೀನಿ, ಗುಂಡಿಲ್ಲ, ಏನಿಲ್ಲ. ನೀವ ಹೇಳಿದ್ರೆಲಾ, ಕೈಯಾಗ ನಿಂದರದ ಸಾಮಾನ ತೊಗೊಂಡ ಬರ್ರಿ ಅಂತ."

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಅವರು ಗುರಿ ಹೊಡೆಯುವುದರಲ್ಲಿ ಪದಕ ಗೆದ್ದಿದ್ದರಂತೆ. ಈ ದೇಶದಲ್ಲಿ ನಿಜವಾದ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಹೌನ್ಸ್ಲೋ ಹತ್ತಿರದ ಒಂದು ಹಾಲಿನಲ್ಲಿ ಭಾನುವಾರಗಳಂದು ಇಂಥ ಆಟದ ಪಿಸ್ತೂಲಿನಿಂದ ಗುರಿ ಹೊಡೆಯುವ ಕ್ಲಬ್ಬಿತ್ತು. ವಾರವಿಡೀ ಸರಕಿನ ನಡುವೆ ಇರುವ ಮನುಷ್ಯನಿಗೆ ಆ ಭಾನುವಾರದ ಬೆಳಗು ಎಷ್ಟು ಬೇಕಾಗಿತ್ತು ಎಂಬುದು ಅವರು ಅದನ್ನು ಮುಟ್ಟುವ ರೀತಿಯಲ್ಲೇ ಕಾಣುತ್ತಿತ್ತು. ಗಾಯವಾದ ಮೇಲೆ ಅವರು ಅಲ್ಲಿಗೆ ಹೋಗಿರಲಿಲ್ಲ. ಮತ್ತೆ ಹೋಗಬೇಕೆಂಬುದೇ ಅವರ ಆಸೆ.

"ಹಿಡಿಕಿ ನೋಡ್ರಿ" ಎಂದರು.

ನೋಡಿದೆ. ಹಿಡಿಯ ಸುತ್ತ ಚುಕ್ಕೆಗಳು. ನನ್ನ ಕೊಳಕು ಚುಕ್ಕೆಗಳಲ್ಲ. ಸಾಲಿಗೆ ಸಾಲು ಸಮನಾಗಿ, ಒಂದು ಸಾಲಿನ ಎರಡು ಚುಕ್ಕೆಗಳ ನಡುವೆ ಕೆಳಗಿನ ಸಾಲಿನ ಚುಕ್ಕೆ ಕೂತಿತ್ತು. ಕಿರುಬೆರಳು ಬರುವ ಕಡೆ ಅವು ದೊಡ್ಡದಾಗಿ, ವಕ್ರಕ್ಕೆ ಸರಿಯಾಗಿ ಬಾಗಿದ್ದವು.

"ಯಾರು ಹಾಕಿದ್ದು?"

"ನಮ್ಮಾಕಿ. ನನ್ನ ಕೈ ಹಿಂಗ ಐತಿ, ನನ್ನಿಂದ ಎಲ್ಲಿ ಆಗತೈತ್ರಿ? ಮೊದಲು ಹಳೇ ಡಬ್ಬಿ ಮುಚ್ಚಳದ ಮ್ಯಾಲೆ ಕಲತ್ಲು. ಆಮ್ಯಾಲೆ ಪೆನ್ಸಿಲ್ಲಿಂದ ಗೆರಿ ಹೊಡದು, ಅಡಗಿಮನಿ ಕಿಡಕಿ ತಗದು, ಸೋಲ್ಡರಿಂಗ್ ರಾಡ್ ಹಿಡದು ಕುಂತ್ಲು. ಒಂದ ಸಲ ನನ್ನ ಕೈ ಇಟ್ಟು ನೋಡೂದು, ಒಂದ ಚುಕ್ಕಿ ಇಡೂದು. ಮಂದಿ ಹೆಣ್ಮಕ್ಕಳು ಬಾಗಲಾಗ ರಂಗೋಲಿ ಹಾಕ್ತಾರ, ನಮ್ಮಾಕಿ ಪಿಸ್ತೂಲಿಗೆ ಹಾಕ್ಯಾಳ. ಮನಿ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನಿ. ರೊಟ್ಟಿ ತಿಂದ್ರೂ ಪಿಸ್ತೂಲ ತಿಂದಂಗ ಆಗತಿತ್ತು."

ನಮ್ಮ ಕೆಲಸದವರಿಗೆ ಒಂದು ಚಟವಿದೆ. ಬಸ್ಸಿನಲ್ಲಿ ಪಕ್ಕದವರ ಕೊಡೆ ನೋಡಿದರೂ ಹಿಡಿಯನ್ನೇ ನೋಡುತ್ತೇವೆ. ಆ ಬೆಳಿಗ್ಗೆಯೂ ಹಾಗೇ. ಸ್ವಲ್ಪ ಹೊತ್ತಿಗೆ ನನ್ನ ಕಣ್ಣಿಗೆ ಅದು ಪಿಸ್ತೂಲಾಗಿ ಉಳಿಯಲಿಲ್ಲ, ಚೆನ್ನಾಗಿ ಮಾಡಿದ ಒಂದು ಹಿಡಿಯಾಗಿ ಕಂಡಿತು. ನಮ್ಮ ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿಯಿದೆ, ಆಚೆ ರೋಗಿಗಳು ಕಾಯುವ ಜಾಗವಿದೆ ಎಂಬುದು ನನಗೂ ನೆನಪಾಗಲಿಲ್ಲ, ಅವರಿಗೂ ಆಗಲಿಲ್ಲ.

"ಹಿಡಿದುಕೊಳ್ಳಿ. ಕಣ್ಣು ಮುಚ್ಚಿ" ಎಂದೆ. ಸ್ಪರ್ಶದ ಪರೀಕ್ಷೆ ಹಾಗೆಯೇ ಮಾಡುವುದು. "ಕೈಯೊಳಗೆ ಅದು ಯಾವ ಕಡೆ ತಿರುಗಿದೆ, ನೋಡದೆ ಹೇಳಿ."

ಅವರು ಪಿಸ್ತೂಲಿನ ಮೂತಿಯನ್ನು ನೆಲದ ಕಡೆಗೆ ಮಾಡಿ ಹಿಡಿದು, ಕಣ್ಣು ಮುಚ್ಚಿ, "ಸ್ವಲ್ಪ ಬಲಕ್ಕ" ಎಂದರು. ಸರಿಯಾಗಿತ್ತು. ಚುಕ್ಕೆಗಳು ಕೆಲಸ ಮಾಡುತ್ತಿದ್ದವು. ನನಗೆ ಸಂತೋಷವಾಯಿತು. ನಾನು ಹಿಡಿಯನ್ನು ಚೂರು ತಿರುಗಿಸಿದೆ, ಅವರು ಮತ್ತೆ ಹೇಳಿದರು. ಹೀಗೆ ಆಡುತ್ತಿರುವಾಗ ಆಚೆ ಮಾತು, ಕೆಮ್ಮು, ಕುರ್ಚಿ ಎಳೆಯುವ ಸದ್ದು ಎಲ್ಲ ನಿಂತುಹೋಗಿತ್ತು. ಕಿಂಡಿಯಲ್ಲಿ ಯಾರೋ ನೋಡಿದ್ದರು, ಪೊಲೀಸರಿಗೆ ಫೋನ್ ಹೋಗಿತ್ತು, ಸಿಬ್ಬಂದಿ ರೋಗಿಗಳನ್ನೆಲ್ಲ ಸದ್ದಿಲ್ಲದೆ ಹೊರಗೆ ಕಳಿಸಿದ್ದರು. ನಿಶ್ಶಬ್ದವಾದದ್ದನ್ನು ನಾನು ಗಮನಿಸಿದೆ ಎಂದು ಈಗ ಅನಿಸುತ್ತದೆ. ಇವತ್ತು ರೋಗಿಗಳು ಕಡಿಮೆ, ಒಳ್ಳೆಯದಾಯಿತು ಎಂದುಕೊಂಡೆ.

ಬಾಗಿಲು ಗೋಡೆಗೆ ಬಡಿಯಿತು.

"ಆರ್ಮ್ಡ್ ಪೊಲೀಸ್. ಕೆಳಗೆ ಹಾಕು."

ಕರಿ ಹೆಲ್ಮೆಟ್ಟು, ಕರಿ ಕವಚ, ಎತ್ತಿ ಹಿಡಿದ ಬಂದೂಕುಗಳು. ಎಷ್ಟು ಜನ ಎಂದು ನನಗೆ ತಿಳಿಯಲಿಲ್ಲ. ಅಂಗಡಿಯವರ ಅಂಗಿಯ ಮೇಲೆ, ಜೇಬಿನ ಹತ್ತಿರ, ಬಂದೂಕಿನ ಗುರಿಬೆಳಕಿನ ಒಂದು ಕೆಂಪು ಚುಕ್ಕೆ ಕೂತಿತ್ತು. ಅವರು ಕಣ್ಣು ತೆರೆದಿದ್ದರು.

"ನನ್ನನ್ನೇ ನೋಡು. ಅಲುಗಬೇಡ. ಕೈಯಲ್ಲಿರುವುದನ್ನು ಬಿಡು."

"ಯೆಸ್ ಸರ್. ಬಿಟ್ಟೆ ಸರ್" ಎಂದರು ಅಂಗಡಿಯವರು ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ.

ಬಿಟ್ಟಿರಲಿಲ್ಲ. ಪಿಸ್ತೂಲು ಕೈಯಲ್ಲೇ ಇತ್ತು. ಹೆದರಿದ ಬೆರಳುಗಳು ಮೊದಲಿಗಿಂತ ಬಿಗಿಯಾಗಿದ್ದವು.

"ಬಿಡು ಅಂದೆ."

"ಬಿಟ್ಟೀನಿ ಸರ್. ಬಿಟ್ಟೀನಿ." ಭಯಕ್ಕೆ ಅವರ ಮಾತು ಕನ್ನಡಕ್ಕೆ ತಿರುಗಿತ್ತು. ಆ ಪೊಲೀಸಿನವನಿಗೆ ಕಂಡದ್ದು, ಹೇಳಿದ ಮಾತು ಕೇಳದೆ ತನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳುತ್ತಿರುವ ಮನುಷ್ಯ.

ಅವರು ತಲೆ ತಗ್ಗಿಸಿ ಕೈ ನೋಡಿಕೊಂಡರೆ ಬಿಡಬಹುದಿತ್ತು. ಆದರೆ ತಲೆ ಅಲುಗಿದರೆ, ಅದರ ಜೊತೆ ತೋಳು ಅಲುಗಿದರೆ? ನಾನು ಇಂಗ್ಲಿಷಿನಲ್ಲಿ, "ಅವರಿಗೆ ಸ್ಪರ್ಶ ಇಲ್ಲ, ಕೈಗೆ ತಿಳಿಯುವುದಿಲ್ಲ" ಎಂದೆ. ಎಂದೆನೋ, ಅನ್ನಬೇಕೆಂದುಕೊಂಡೆನೋ. ಯಾರೋ ನನ್ನ ಕಡೆ, "ಮಾತಾಡಬೇಡ, ಕೈ ಮೇಲೆ ಮಾಡು" ಎಂದು ಕೂಗಿದರು. ಒಂದು ಬಂದೂಕು ನನ್ನ ಕಡೆ ತಿರುಗಿತು. ಅದರ ಬಾಯಿ ಅಷ್ಟು ಸಣ್ಣದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕೈ ಮೇಲೆತ್ತಿದೆ. ಆಮೇಲೆ, ದಿನವೂ ಹೇಳುವ ದನಿಯಲ್ಲೇ ಹೇಳಿದೆ: "ಅಂಗಡಿಯವರೇ, ಕಿರುಬೆರಳು ಬಿಡಿ."

ಕಿರುಬೆರಳು ತೆರೆಯಿತು. ಅದರ ಪಕ್ಕದ್ದು ತೆರೆಯಿತು. ಹಿಡಿಯ ಅಡಿ ಬಿಡುಗಡೆಯಾಗಿ ಪಿಸ್ತೂಲು ತೋರುಬೆರಳ ಮೇಲೆ ತೂಗಿ, ಒಂದು ಗಳಿಗೆ ನಿಂತು, ನೆಲಕ್ಕೆ ಬಿತ್ತು. ಅದು ಬಿದ್ದ ಸದ್ದು ಹಗುರವಾಗಿತ್ತು. ಪ್ಲಾಸ್ಟಿಕ್ ಡಬ್ಬಿ ಬಿದ್ದ ಹಾಗೆ.

ಆ ತೂಗಿ ನಿಂತ ಗಳಿಗೆ ನನ್ನಲ್ಲಿ ಇನ್ನೂ ಮುಗಿದಿಲ್ಲ. ಕೆಟಲ್ ಕುದಿಯುವಾಗ, ಲಿಫ್ಟಿನ ಬಾಗಿಲು ತೆರೆಯುವಾಗ, ಅದು ಮತ್ತೆ ತೂಗುತ್ತದೆ. ಆಗ ಕೆಲವು ಸಲ ನಾನು ಕಿರುಬೆರಳಿನ ಮಾತು ಹೇಳುವುದೇ ಇಲ್ಲ. ಕೆಲವು ಸಲ "ಕೈ ನೋಡಿಕೊಳ್ಳಿ" ಎನ್ನುತ್ತೇನೆ, ಅವರು ತಲೆ ತಗ್ಗಿಸುತ್ತಾರೆ. ಬಿದ್ದಿತು, ಯಾರೂ ಗುಂಡು ಹಾರಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡರೂ ಮೈ ಅದನ್ನು ಒಪ್ಪುವುದಿಲ್ಲ. ನನ್ನ ಮಾಮೂಲಿ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದಾರೆ. ನಿದ್ದೆ ಬರುತ್ತದೆ.

ಅಂಗಡಿಯವರನ್ನು ಬೋರಲು ಮಲಗಿಸಿ, ಕೈ ಹಿಂದಕ್ಕೆಳೆದು ಬೇಡಿ ಹಾಕಿದರು. ಹೊಸದಾಗಿ ಹೊಲಿದ ಮಣಿಕಟ್ಟು, ನಿಧಾನ ಎಂದು ನಾನು ಕೂಗುತ್ತಿದ್ದೆ. ಆ ಸಂಜೆಯೇ ಎಚ್ಚರಿಕೆ ಕೊಟ್ಟು ಬಿಟ್ಟರಂತೆ. ಪೊಲೀಸರನ್ನು ನಾನು ದೂರುವುದಿಲ್ಲ. ಕಿಂಡಿಯಿಂದ ನೋಡಿದವರನ್ನೂ ದೂರುವುದಿಲ್ಲ. ಅವರು ಕಂಡದ್ದನ್ನು ನಾನು ಕಂಡಿದ್ದರೆ ನಾನೂ ಫೋನ್ ಮಾಡುತ್ತಿದ್ದೆ.

ಆದರೆ ಅಂಗಡಿಯವರ ವಿಮಾನ ನಿಲ್ದಾಣದ ಪಾಸನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದರು. ಪಾಸಿಲ್ಲದೆ ಶೆಡ್ಡಿಗೆ ಹೋಗುವಂತಿಲ್ಲ. ಅವರು ಚಿಕಿತ್ಸೆಗೂ ಬರಲಿಲ್ಲ. ನಮ್ಮ ವಿಭಾಗದಲ್ಲಿ, ಮನೆಯಿಂದ ವಸ್ತುಗಳನ್ನು ತರಬಾರದು, ಫೋನಿನಲ್ಲಿ ಫೋಟೋ ತೆಗೆದು ತನ್ನಿ ಎಂದು ಹೊಸ ನಿಯಮ ಬಂತು. ಮ್ಯಾನೇಜರು ಬಹಳ ಮೃದುವಾಗಿ, "ಇದು ನಿಮ್ಮ ಒಳ್ಳೆಯದಕ್ಕೂ ಸರಿ" ಎಂದರು. ಕೆಲವು ತಿಂಗಳು ನಾನು ಫೋಟೋಗಳನ್ನು ನೋಡಿದೆ. ಫೋಟೋದಲ್ಲಿ ಟೀ ಪಾಟು ಸುಮ್ಮನೆ ಕೂತಿರುತ್ತದೆ. ಆಮೇಲೆ ನಿವೃತ್ತಳಾದೆ.

ನಿವೃತ್ತಿಯ ಮೇಲೆ ಒಂದು ಮಧ್ಯಾಹ್ನ ಹೌನ್ಸ್ಲೋಗೆ ಹೋದೆ. ಅಂಗಡಿಯವರ ಫ್ಲಾಟಿನ ಮೇಲೆ ವಿಮಾನಗಳು ಇಳಿಯುತ್ತಲೇ ಇದ್ದವು. ಬಾಗಿಲು ತೆರೆದವರು ಅವರ ಹೆಂಡತಿ ಮಹಾದೇವಿ. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದರು. ಬಾಗಿಲ ಒಳಗಡೆ ಒಂದು ಸ್ಟೀಲ್ ತಟ್ಟೆ ಖಾಲಿ ಇತ್ತು. ನಾನು ಅದನ್ನು ನೋಡಿದ್ದನ್ನು ಆಕೆ ನೋಡಿದರು.

"ಹೊರಗ ಹಾಕಿದ್ರ ಕೌನ್ಸಿಲ್‌ನವರು ಬೈತಾರ ಅಂತ ತಾಟಿನ್ಯಾಗ ರಂಗೋಲಿ ಹಾಕ್ತಿದ್ದೆ ಅಕ್ಕಾರ. ಈಗ ಚುಕ್ಕಿ ಇಡಾಕ ಕೈ ಬರೂದಿಲ್ಲ. ಪಿಸ್ತೂಲಿನ ಆ ಹಿಡಿಕಿ ಅಷ್ಟ ವಾಪಸ್ ಕೊಡ್ರಿ ಅಂತ ಪೊಲೀಸರಿಗೆ ಕೇಳಿಸಿದ್ದೆ. ಎಲ್ಲಾ ಕೂಡಿ ಪುಡಿ ಮಾಡ್ಯಾರಂತ."

ಅಂಗಡಿಯವರು ಸೋಫಾದಲ್ಲಿದ್ದರು. ಎಡಗೈಯಿಂದ ಚಹಾ ಕುಡಿಯುತ್ತಿದ್ದರು. ಬಲಗೈಗೆ ಉಣ್ಣೆಯ ಕೈಗವಸಿತ್ತು. ಪಾಸು ಇನ್ನೂ ಬಂದಿರಲಿಲ್ಲ. ಸೌತ್‌ಹಾಲಿನ ಒಂದು ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಹಿಡಿದಿದ್ದರು. ಕೈ ತೋರಿಸಿ ಎಂದೆ. ಬಹಳ ಹೊತ್ತಿನ ಮೇಲೆ ಗವಸು ತೆಗೆದರು. ಬೆರಳುಗಳು ಅರ್ಧ ಮಡಚಿ ಗಟ್ಟಿಯಾಗತೊಡಗಿದ್ದವು. ವ್ಯಾಯಾಮ ಮಾಡದೆ ಬಿಟ್ಟ ಕೈ ಹಾಗಾಗುತ್ತದೆ.

"ಯಾಕೆ ಬಿಟ್ಟಿರಿ? ನರ ಬೆಳೆಯುತ್ತಿತ್ತಲ್ಲ."

ಅವರು ಹೆಂಡತಿಯ ಮುಖ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಬೆಳದೈತ್ರಿ. ಅದ ಹೇಳಾಕ ನಾಚಿಕಿ. ಅವತ್ತ ನೆಲಕ್ಕ ಒತ್ತಿದ್ರಲಾ, ಕೈ ಹಿಂದಕ್ಕ ಎಳಿಯೂಕಿಂತ ಮದಲ, ಹೆಬ್ಬಟ್ಟು ಟೈಲ್ಸಿಗೆ ತಾಗಿತು. ಥಂಡಿ ಹತ್ತಿತು. ಗಾಯ ಆದಾಗಿಂದ ಅವತ್ತ ಮದಲ ಸಲ. ಜೀವ ಹೋಗೂ ಹೊತ್ತಿನ್ಯಾಗ ನನಗ ಖುಷಿ ಆತು ಅಕ್ಕಾರ. ಹೆಬ್ಬಟ್ಟು ಬಂತು, ಅಕ್ಕಾರಗ ಹೇಳಬೇಕು ಅಂತ ಅನಿಸಿತು." ಗವಸನ್ನು ತೊಡೆಯ ಮೇಲಿಟ್ಟು, "ಈಗ ಏನ ಮುಟ್ಟಿದ್ರೂ ಆ ನೆಲಾನ ಆಗತೈತಿ. ಅದಕ್ಕ ಮುಟ್ಟೂದ ಬಿಟ್ಟೀನಿ" ಎಂದರು.

ನನಗೆ ಗೊತ್ತಿದ್ದದ್ದು ನನ್ನ ಕೆಲಸ ಒಂದೇ. ಪಕ್ಕದಲ್ಲಿ ಕುಳಿತು, "ಕಣ್ಣು ಮುಚ್ಚಿ" ಎಂದೆ.

ಅವರು ಪ್ರಯತ್ನಿಸಿದರು. ರೆಪ್ಪೆ ಅದುರಿತು, ಮುಚ್ಚಲಿಲ್ಲ. "ಆಗೂದಿಲ್ರಿ. ನೀವ ಮುಚ್ಚಿ ನೋಡ್ರಿ."

ನಾನು ಮುಚ್ಚಿದೆ. ಕೆಂಪು ಚುಕ್ಕೆ ಕಂಡಿತು. ತೆರೆದೆ.

ಮಹಾದೇವಿ ಸೋಫಾದ ಹಿಂದೆ ಬಂದು ನಿಂತರು. ತಮ್ಮ ಅಂಗೈಯನ್ನು ಗಂಡನ ಕಣ್ಣ ಮೇಲಿಟ್ಟರು. ಆ ಕೈಗೆ ಜೋಳದ ಹಿಟ್ಟಿನ ವಾಸನೆಯಿತ್ತು. ಅಂಗಡಿಯವರ ಭುಜ ಸ್ವಲ್ಪ ಇಳಿಯಿತು. ಮಹಾದೇವಿ ಕೊಟ್ಟ ಚಹಾದ ಲೋಟ ಹಿಡಿದು ಬೆಚ್ಚಗಾಗಿದ್ದ ನನ್ನ ಎರಡು ಬೆರಳನ್ನು ಅವರ ಬಲಗೈಯೊಳಗೆ ಇಟ್ಟೆ. ಬೆರಳುಗಳು ನಿಧಾನವಾಗಿ ಮಡಚಿಕೊಂಡವು.

"ಏನಿದೆ ಕೈಯಲ್ಲಿ?"

ಮೇಲೆ ಒಂದು ವಿಮಾನ ಇಳಿದು ಹೋಯಿತು.

"ನೆಲ" ಎಂದರು.

"ಅಲ್ಲ. ನನ್ನ ಬೆರಳು. ಬೆಚ್ಚಗಿದೆ."

ಅವರು ಎಡಗೈಯಿಂದ ಹೆಂಡತಿಯ ಅಂಗೈಯನ್ನು ಮೆಲ್ಲಗೆ ಸರಿಸಿ, ತಮ್ಮ ಕೈಯನ್ನು ನೋಡಿದರು. ಯಾರದೋ ಕೈಯನ್ನು ನೋಡಿದ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ಹಿಡಿತ ಬಿಟ್ಟರು. ಕಿರುಬೆರಳನ್ನು ಮೊದಲು.